ಹದಿನಾಲ್ಕನೇ ಬಾಬತ್ತು

ಯಾದಗಿರಿ, ಸ್ಟೇಷನ್ ರಸ್ತೆ
೪ ಜೂನ್ ೧೯೪೬

ಶಹಾಪುರದ ಸರದಾರಸಾಬರಿಗೆ ಅಡತಿ ಅಂಗಡಿ ಲಿಂಗಣ್ಣನ ನಮಸ್ಕಾರಗಳು.

ಒಂಬತ್ತು ವರ್ಷದ ಮೇಲೆ ಇವನ ಕಾಗದ ಯಾಕೆ ಬಂತೆಂದು ನೀವು ಒಡೆಯದೆ ಒಲೆಗೆ ಹಾಕಬಾರದೆಂದು ಲಕೋಟೆಯ ಮೇಲೆ ನನ್ನ ಹೆಸರು ಬರೆದಿಲ್ಲ. ನಿಮ್ಮ ವಿಳಾಸ ಕೊಟ್ಟವರು ಇಲ್ಲಿಯ ಪೋಸ್ಟ್‌ಮಾಸ್ತರರು. ವಾಯರಿಂಗ್ ಕೆಲಸ ಬಿಟ್ಟು ಈಗ ಗ್ಯಾಸ್‌ಬತ್ತಿ, ಸೈಕಲ್ಲು ದುರಸ್ತಿ ಮಾಡುತ್ತೀರೆಂದೂ ಅವರೇ ಹೇಳಿದರು. ನಿಮ್ಮಿಂದ ಕೆಲಸ ಮಾಡಿಸಲು ಬರೆದದ್ದಲ್ಲ. ಒಂದು ಸಲಹೆ ಬೇಕಾಗಿದೆ, ಅಷ್ಟೇ.

ನಮ್ಮ ಓಣಿಗೆ ಕರೆಂಟು ಕೊಡುವ ಹತ್ತಿ ಜಿನ್ನಿನ ಗಿರಣಿಯವರು ನೋಟೀಸು ಹಚ್ಚಿದ್ದಾರೆ. ಹಳೆಯ ವಾಯರು ಕಿತ್ತು ಹೊಸದು ಹಾಕಿಸದ ಮನೆಗಳಿಗೆ ದಸರೆಯಿಂದ ದೀಪ ಬಂದ್. ಅದಕ್ಕಾಗಿ ಇಬ್ಬರು ಗುತ್ತೇದಾರರಿಂದ ಅಂದಾಜುಪಟ್ಟಿ ತರಿಸಿದೆ. ಎರಡನ್ನೂ ಮುಂದಿಟ್ಟುಕೊಂಡು ಕೂತು ಎಂಟು ದಿನವಾಯಿತು. ಹತ್ತಿಯ ಅಂಡಿಗೆಗೆ ಕೈ ಹಾಕಿದರೆ ಸಾಕು ದರ ಹೇಳುವವನು ನಾನು. ಈ ಕಾಗದಗಳ ತಲೆಬುಡ ಮಾತ್ರ ತಿಳಿಯುತ್ತಿಲ್ಲ.

ಒಂದು ಪಟ್ಟಿ ಮರಿಲಿಂಗಪ್ಪನದು. ಅವನು ಭಾಗಮ್ಮನ ತವರಿನ ಕಡೆಯ ಹುಡುಗ, ಜಿನ್ನಿನಲ್ಲಿ ಎರಡು ವರ್ಷ ವಾಯರು ಹಿಡಿದವನು. ನಾಲ್ಕೇ ಸಾಲು ಬರೆದಿದ್ದಾನೆ, ಎಲ್ಲ ಸೇರಿ ಉಕ್ತಾ, ನಿಜಾಮರ ಹಾಲಿ ನಾಣ್ಯದಲ್ಲಿ ನೂರಾ ಇಪ್ಪತ್ತು ರೂಪಾಯಿ. ಇನ್ನೊಂದು ರಾಯಚೂರಿನ ಮನ್ಸೂರಅಲಿಯದು. ಎರಡು ಹಾಳೆ ತುಂಬ ಉರ್ದು, ಹದಿನೇಳು ಬಾಬತ್ತು, ಒಟ್ಟು ಇನ್ನೂರಾ ಮೂವತ್ತೈದು. ಸ್ಟೇಷನ್ನಿನ ಗುಮಾಸ್ತರಿಂದ ಓದಿಸಿ ಕನ್ನಡಕ್ಕೆ ಇಳಿಸಿಕೊಂಡೆ. ಅದೇ ಮನೆ, ಅವೇ ಗೋಡೆ, ಅವೇ ದೀಪ. ದರದಲ್ಲಿ ಮಾತ್ರ ಒಬ್ಬ ಅಂಗಳದಲ್ಲಿ ನಿಂತಿದ್ದಾನೆ, ಒಬ್ಬ ಮಾಳಿಗೆಯ ಮೇಲೆ. ಎರಡರ ನಕಲನ್ನೂ ಇದರೊಳಗೆ ಇಟ್ಟಿದ್ದೇನೆ. ಯಾರು ಮೋಸಗಾರ, ಯಾರು ದುಬಾರಿ, ಹೇಳಬೇಕು.

ಪಂಚಮಿಗೆ ಮಗಳು ಅನ್ನಮ್ಮನನ್ನು ಗುರುಮಠಕಲ್ಲಿನಿಂದ ಕರೆತರಬೇಕು. ಚೊಚ್ಚಲ ಹೆರಿಗೆ, ಬಾಣಂತನ ನಮ್ಮಲ್ಲೇ. ಅಷ್ಟರೊಳಗೆ ಕೆಲಸ ಮುಗಿಯಬೇಕು. ಬೇರೆ ಏನೂ ಇಲ್ಲ.

ಇಂತಿ
ಲಿಂಗಣ್ಣ


ಶಹಾಪುರ
೧೩ ಜೂನ್ ೧೯೪೬

ಲಿಂಗಣ್ಣ,

ಒಂಬತ್ತು ವರ್ಷಕ್ಕೆ ನಾನು 'ನೀವು' ಆಗಿಬಿಟ್ಟೆನೇನು? ಸುರಪುರದ ಅಯ್ಯನವರ ಸಾಲೆಯಲ್ಲಿ ಒಂದೇ ಮರಳಿನ ಮೇಲೆ ಅಕ್ಷರ ತಿದ್ದಿದವರು ನಾವು. ನಿನ್ನ ಸೊಟ್ಟ ಬರಹ ಲಕೋಟೆಯ ಮೇಲೆ ನೋಡಿದ ಕೂಡಲೇ ಗುರುತು ಹತ್ತಿತು, ಹೆಸರು ಬರೆಯದೆ ನೀನೇನೂ ಬಚಾವಾಗಲಿಲ್ಲ. ಒಲೆಗೆ ಹಾಕಬೇಕೆಂದೇ ಎದ್ದಿದ್ದೆ. ನಮ್ಮ ಮನೆಯವಳು ಸರ್ವರಬೇಗಂ ಕೈಯಿಂದ ಕಸಿದುಕೊಂಡು, "ಇಷ್ಟ್ ವರ್ಷದ ಮ್ಯಾಲ ಬರ್ದಾರಂದ್ರ ಏನರ ತ್ರಾಸ ಇರ್ತದ. ಮೊದಲ ಓದ್ರಿ, ಆಮ್ಯಾಲ ಸುಡ್ರಿ" ಎಂದಳು.

ಓದಿದೆ. ಜವಾಬು ಕೊಡುವ ಮೊದಲು ನೀನು ನನಗೆ ಎರಡು ಮಾತಿಗೆ ಜವಾಬು ಕೊಡಬೇಕು.

ನೀನು ನೋಟೀಸಿಗೆ ಹೆದರುವ ಆಸಾಮಿಯಲ್ಲ. ದಸರೆಯ ಗಡುವು ಎಂದರೆ ದಸರೆಯ ಹಿಂದಿನ ದಿನ ಎಚ್ಚರವಾಗುವವನು. ಜ್ಯೇಷ್ಠದಲ್ಲೇ ಎರಡು ಪಟ್ಟಿ ತರಿಸಿ, ಮೇಲೆ ನನಗೂ ಬರೆದೆಯೆಂದರೆ ಆ ಮನೆಯಲ್ಲಿ ಏನೋ ಆಗಿದೆ. ಗೋಡೆಯಾಗಲಿ, ಕಬ್ಬಿಣವಾಗಲಿ ಕೈಗೆ ಕಚ್ಚುತ್ತದೆಯೇ? ಯಾರಿಗೆ ಏನಾಗಿದೆ?

ಎರಡನೆಯದು. ಮನ್ಸೂರಅಲಿಯ ಪಟ್ಟಿಯನ್ನು ಇಳಿಸುವಾಗ ಹದಿಮೂರು ಆದ ಮೇಲೆ ಹದಿನೈದು ಬರೆದಿದ್ದೀಯ. ಹದಿನಾಲ್ಕನೇ ಬಾಬತ್ತು ಎಲ್ಲಿಗೆ ಹೋಯಿತು?

ಸರದಾರ


ಯಾದಗಿರಿ
೨೩ ಜೂನ್ ೧೯೪೬

ಸರದಾರ,

ನಿನ್ನ ಕಣ್ಣು ಇನ್ನೂ ಮಂದವಾಗಿಲ್ಲ. ಹದಿನಾಲ್ಕನೆಯದನ್ನು ಬರೆಯಲು ನನಗೆ ಕೈ ಬರಲಿಲ್ಲ. ಈಗ ಬರೆಯುತ್ತೇನೆ. ಹಿತ್ತಲಲ್ಲಿ ಆರಡಿ ಆಳದ ಗುಂಡಿ, ತಾಮ್ರದ ತಗಡು ಒಂದು, ಇದ್ದಿಲು ಎರಡು ಚೀಲ, ಉಪ್ಪು ಒಂದು ಚೀಲ.

ಗುಮಾಸ್ತರು ಓದುತ್ತಾ ಅಲ್ಲಿಗೆ ಬಂದಾಗ "ಸಾಕ್ರಿ" ಎಂದು ಎದ್ದುಬಿಟ್ಟೆ. ಉಳಿದದ್ದನ್ನು ಮರುದಿನ ಹೋಗಿ ಬರೆದುಕೊಂಡು ಬಂದೆ. ನಮ್ಮವರು ಗುಂಡಿ ತೋಡಿ ಉಪ್ಪು ಸುರಿಯುವುದು ಯಾವಾಗ ಎಂಬುದು ನಿನಗೆ ಗೊತ್ತೇ ಇದೆ. ಸತ್ತವರನ್ನು ಒಳಗೆ ಕೂರಿಸಿ ಮಣ್ಣು ಎಳೆಯುವ ಮೊದಲು. ತುಂಬಿದ ಬಸುರಿ ತವರಿಗೆ ಬರುವ ಹೊತ್ತಿನಲ್ಲಿ ಅದನ್ನು ಹಿತ್ತಲಿಗೆ ತರುವುದೇ? ಭಾಗಮ್ಮ ಸುತರಾಂ ಒಪ್ಪುವುದಿಲ್ಲ. ಒಂಬತ್ತು ವರ್ಷದ ಹಿಂದೆ ಈ ಮನೆಗೆ ವಾಯರು ಹಾಕುವಾಗ ನೀನು ಗುಂಡಿ ತೋಡಿಸಿದಾಗಲೂ ಒಪ್ಪದವಳು ಅವಳೇ. ಓಣಿಯವರ ಮುಂದೆ ಕೂಗಾಡಿದವನು ನಾನಾದರೂ ಹಿಂದೆ ನಿಂತು ಬೇಡವೆಂದವಳು ಅವಳು. ಹೆಂಗಸರ ಮನಸ್ಸಿಗೆ ನಾನೇನು ಮಾಡಲಿ.

ಇನ್ನು ನೀನು ಕೇಳಿದ್ದು. ಹೌದು, ಕಚ್ಚುತ್ತದೆ. ಹಿತ್ತಲಿನ ದೀಪದ ಕಬ್ಬಿಣದ ಕಂಬ, ಅದಕ್ಕೆ ಹೊಂದಿಕೊಂಡ ಬಚ್ಚಲಿನ ಬಾಗಿಲ ಸರಪಳಿ, ಎರಡೂ. ರೋಹಿಣಿ ಮಳೆ ಬಿದ್ದ ಸಂಜೆ ಆಕಳನ್ನು ಆ ಕಂಬಕ್ಕೆ ಕಟ್ಟಿದ್ದೆವು. ಜಿನ್ನಿನವರು ದೀಪ ಬಿಟ್ಟ ಕೂಡಲೇ ಅದು ಮುಂಗಾಲು ಮಡಚಿ ಬಿತ್ತು, ಮತ್ತೆ ಏಳಲಿಲ್ಲ. ಹಾವು-ಹುಳ ಮುಟ್ಟಿರಬೇಕೆಂದು ಎಲ್ಲರೂ ಅಂದರು, ನಾನೂ ಹೂಂ ಎಂದೆ. ಹಗ್ಗ ಬಿಚ್ಚಲು ಹೋದಾಗ ನನ್ನ ಮೊಳಕೈವರೆಗೆ ಜುಮ್ಮೆಂದದ್ದನ್ನು ಯಾರಿಗೂ ಹೇಳಿಲ್ಲ. ನಿನಗೇ ಮೊದಲು ಹೇಳುತ್ತಿರುವುದು. ಮರಿಲಿಂಗಪ್ಪನನ್ನು ಸುಮ್ಮನೆ ಕೇಳುವವನಂತೆ ಕೇಳಿದರೆ, "ಗ್ವಾಡಿ ತೇವ ಅದರಿ ಮಾವ, ಹೊಸ ವಾಯರ ಹಾಕಿದ್ರ ಹೊಕ್ಕದ" ಎನ್ನುತ್ತಾನೆ.

ಬಾಣಂತಿ ದಿನಕ್ಕೆರಡು ಸಲ ಆ ಬಚ್ಚಲಿಗೆ ಹೋಗಬೇಕು. ತಲೆಯಿಂದ ಕಾಲಿನವರೆಗೆ ಒದ್ದೆ ಮೈಯಲ್ಲಿ ಆ ಸರಪಳಿ ಹಿಡಿದೇ ಬಾಗಿಲು ತೆಗೆಯಬೇಕು. ಗುಂಡಿ ಇಲ್ಲದೆ ಬೇರೆ ದಾರಿ ಏನಾದರೂ ಇದ್ದರೆ ಹೇಳು. ಹೆಚ್ಚು ಖರ್ಚಾದರೂ ಚಿಂತೆಯಿಲ್ಲ.

ಲಿಂಗಣ್ಣ


ಶಹಾಪುರ
೧ ಜುಲೈ ೧೯೪೬

ಲಿಂಗಣ್ಣ,

ಈ ಕಾಗದ ಓದುವುದನ್ನು ಇಲ್ಲಿಗೇ ನಿಲ್ಲಿಸಿ ಹೋಗಿ ಹಿತ್ತಲಿನ ದೀಪದ ಫ್ಯೂಜು ಕಿತ್ತು ಬಾ. ಕಿತ್ತೆಯಾ? ಈಗ ಕೂತು ಓದು.

ಮೊದಲು ಮರಿಲಿಂಗಪ್ಪನ ನಾಲ್ಕು ಸಾಲು. 'ಎಲ್ಲ ವಾಯರಿಂಗ್ ಹೊಸದು ಮಾಡಿ ಕೊಡುವುದು' ಎಂದು ಬರೆದು, ಕೆಳಗೇ 'ಹಳೇ ಮಾಲು ಚಲೋ ಇದ್ದದ್ದು ಇಟ್ಟುಕೊಳ್ಳುವುದು' ಎನ್ನುತ್ತಾನೆ. ಚಲೋ ಇದ್ದದ್ದು ಯಾವುದೆಂದು ನೋಡುವವರು ಯಾರು? ಅವನೇ. ಆಗ ನಾನು ಹಾಕಿದ ವಾಯರಿನ ಮೇಲಿನ ರಬ್ಬರು, ಅದನ್ನು ಮುಚ್ಚಿದ ಕಟ್ಟಿಗೆ ಪಟ್ಟಿಯ ಒಳಗೆ ಈಗ ಹಿಟ್ಟಾಗಿರುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಎಷ್ಟು ದೀಪ, ಎಷ್ಟು ಸ್ವಿಚ್ಚು ಎಂಬ ಲೆಕ್ಕ ಅದರಲ್ಲಿಲ್ಲ. ಯಾವ ವಾಯರು ಎಂಬುದಿಲ್ಲ. ಒಡೆದ ಗೋಡೆಗೆ ಗಿಲಾವು ಮಾಡಿ ಕೊಡುವವರು ಯಾರೆಂಬುದೂ ಇಲ್ಲ. ಪಟ್ಟಿ ಓದುವಾಗ ಬರೆದದ್ದನ್ನು ಒಂದು ಸಲ ಓದಬೇಕು, ಬರೆಯದೆ ಬಿಟ್ಟದ್ದನ್ನು ಎರಡು ಸಲ. ಉಕ್ತಾ ಕೆಲಸದಲ್ಲಿ ಎಷ್ಟು ಕಡಿಮೆ ಮಾಲು ಹಾಕಿದರೆ ಅಷ್ಟು ಅವನಿಗೆ ಉಳಿತಾಯ.

ಮನ್ಸೂರಅಲಿಯನ್ನು ನಾನು ಬಲ್ಲೆ. ದುಬಾರಿ, ಆದರೆ ಕಳ್ಳನಲ್ಲ. ಒಂದೊಂದು ದೀಪಕ್ಕೂ ಬೇರೆ ದರ ಬರೆದಿದ್ದಾನೆ, ಆದ್ದರಿಂದ ನೀನು ಎಣಿಸಿ ನೋಡಬಹುದು. ಏಳನೆಯದು ಹೊಸ ಕಟ್ಟಿಗೆ ಪಟ್ಟಿ. ಬೇಡವೆನ್ನು. ನಾನು ಹಾಕಿದ್ದು ಸಾಗವಾನಿ, ಇನ್ನೂ ಇಪ್ಪತ್ತು ವರ್ಷ ಬರುತ್ತದೆ. ಹನ್ನೊಂದನೆಯದು ಬಾಗಿಲಿಗೆ ಗಂಟೆ. ನಿನ್ನ ಮನೆಗೆ ಬರುವವರೆಲ್ಲ ಬೀದಿಯಿಂದಲೇ ಕೂಗುವವರು, ಅದನ್ನೂ ಹೊಡೆದುಹಾಕು. ಇವೆರಡು ಹೋದರೆ ಇಬ್ಬರ ನಡುವಿನ ಅಂತರ ಅರ್ಧವಾಗುತ್ತದೆ.

ಹದಿನಾಲ್ಕನೆಯದನ್ನು ಮಾತ್ರ ಮುಟ್ಟಬೇಡ. ಅದಕ್ಕೆ ಬದಲು ದಾರಿ ಇಲ್ಲ. ಕರೆಂಟು ದಾರಿ ತಪ್ಪಿ ಕಬ್ಬಿಣಕ್ಕೆ ಬಂತೆಂದರೆ ಅದು ಮಣ್ಣಿಗೆ ಹೋಗಲೇಬೇಕು. ಹೋಗಲು ಹಾದಿ ಮಾಡಿಟ್ಟಿದ್ದರೆ ಆ ಹಾದಿ ಹಿಡಿಯುತ್ತದೆ, ಫ್ಯೂಜು ಸುಡುತ್ತದೆ, ದೀಪ ಆರುತ್ತದೆ, ಅಷ್ಟಕ್ಕೆ ಮುಗಿಯಿತು. ಮಾಡಿಡದಿದ್ದರೆ ಮುಟ್ಟಿದವರ ಮೈಯೇ ಹಾದಿ. ಉಪ್ಪು ಇದ್ದಿಲು ಹಾಕುವುದು ಆ ತಗಡಿನ ಸುತ್ತಲಿನ ಮಣ್ಣು ಬೇಸಿಗೆಯಲ್ಲೂ ಒಣಗದಿರಲಿ ಎಂದು. ಅದರಲ್ಲಿ ಬೇರೆ ಯಾವ ಅರ್ಥವೂ ಇಲ್ಲ.

ಇದನ್ನೇ ನಾನು ಆವತ್ತು ಹೇಳಲು ಬಾಯಿ ತೆರೆದಿದ್ದೆ. ನೀನು ಬಿಡಲಿಲ್ಲ. ಓಣಿಯ ಜನರ ಮುಂದೆ, "ನನ್ನ ಮನ್ಯಾಗ ಗೋರಿ ತೋಡಾಕ ಬಂದೀಯೇನೋ ಸಾಬಾ?" ಎಂದೆ. ಹುಟ್ಟಿದಾಗಿನಿಂದ ಸರದಾರ ಆಗಿದ್ದವನು ಆವತ್ತು ಒಂದು ಕ್ಷಣದಲ್ಲಿ ಸಾಬ ಆದೆ. ಗುಂಡಿ ಮುಚ್ಚಿ ಉಪ್ಪಿನ ಚೀಲ ಹೊತ್ತು ನಡೆದೆ. ಖಾಸಾ ಗೆಳೆಯನೇ ಹೊರಗೆ ಹಾಕಿದನೆಂದ ಮೇಲೆ ಯಾದಗಿರಿಯಲ್ಲಿ ನನಗೆ ಯಾರು ಕೆಲಸ ಕೊಡುತ್ತಾರೆ? ನೀನು ಅದನ್ನು ಕೇಳಿಲ್ಲ, ನಾನೂ ಹೆಚ್ಚು ಬರೆಯುವುದಿಲ್ಲ.

ಭಾಗಮ್ಮ ವೈನಿಯ ಎದುರು ಕೂತು ಇದನ್ನೆಲ್ಲ ಬಿಡಿಸಿ ಹೇಳು. ಆಕೆ ತಿಳಿಯದವಳಲ್ಲ.

ಸರದಾರ


ಯಾದಗಿರಿ
೫ ಆಗಸ್ಟ್ ೧೯೪೬

ಸರದಾರ,

ತಿಂಗಳು ಮೀರಿತು, ಬರೆಯಲಾಗಲಿಲ್ಲ. ಈಗಲೂ ಬರೆಯುವ ಮುಖವಿಲ್ಲ. ಕೆಲಸ ಮರಿಲಿಂಗಪ್ಪನಿಗೆ ಕೊಟ್ಟೆ.

ಭಾಗಮ್ಮ ಕೇಳಲಿಲ್ಲ. ಸಂಬಂಧದವನು ಎಂಬುದೂ ಒಂದಾಯಿತು. ಐದು ದಿನದಲ್ಲಿ ಮುಗಿಸಿದ. ಹೊಸ ಸ್ವಿಚ್ಚುಗಳು ನೋಡಲು ಚೆಂದವಾಗಿವೆ. ಕಂಬಕ್ಕೆ ಹಸಿರು ಬಣ್ಣ ಬಳಿದಿದ್ದಾನೆ. ಪಂಚಮಿಗೆ ಅನ್ನಮ್ಮ ಬಂದಿದ್ದಾಳೆ. ಚೌತಿಯ ಹೊತ್ತಿಗೆ ಆಗಬಹುದೆಂದು ಸೂಲಗಿತ್ತಿ ಮಾನಮ್ಮ ಹೇಳಿದ್ದಾಳೆ.

ಈಗ ಕಚ್ಚುವುದಿಲ್ಲ. ದಿನಾ ದೀಪ ಬಂದ ಕೂಡಲೇ ಯಾರೂ ಹಿತ್ತಲಿಗೆ ಹೋಗುವ ಮೊದಲು ನಾನೇ ಹೋಗಿ ಬೆರಳ ಹಿಂಬದಿಯಿಂದ ಕಂಬವನ್ನು, ಸರಪಳಿಯನ್ನು ಮುಟ್ಟಿ ನೋಡುತ್ತೇನೆ. ಏನೂ ಇಲ್ಲ. ಒಳಗೆ ಬಂದು ಕೂತರೆ ಮತ್ತೆ ಅನುಮಾನ, ಮತ್ತೆ ಎದ್ದು ಹೋಗುತ್ತೇನೆ. "ಅಪ್ಪಾ, ಹಿತ್ತಲದಾಗ ಏನರ ಹೂತಿಟ್ಟೀಯೇನು?" ಎಂದು ಅನ್ನಮ್ಮ ನಗುತ್ತಾಳೆ. ನಗು ಬರುವುದಿಲ್ಲ ನನಗೆ. ಎರಡು ವಾರದಿಂದ ಮಳೆಯಿಲ್ಲ.

ಸರಿಹೋಗಿದೆ ಎಂದು ಒಂದು ಸಾಲು ಬರೆ. ನೀನು ಬರೆದರೆ ನಂಬುತ್ತೇನೆ.

ಲಿಂಗಣ್ಣ


ಶಹಾಪುರ
೧೦ ಆಗಸ್ಟ್ ೧೯೪೬

ಲಿಂಗಣ್ಣ,

ಆ ಸಾಲು ಬರೆಯುವುದಿಲ್ಲ. ಒಣ ನೆಲದ ಮೇಲೆ ಚಪ್ಪಲಿ ಹಾಕಿಕೊಂಡು ಮುಟ್ಟಿದರೆ ಏನು ತಿಳಿಯುತ್ತದೆ? ನೆಲ ಹಸಿಯಾದ ದಿನ ತಿಳಿಯುತ್ತದೆ, ಆಗ ಮುಟ್ಟುವವನು ನೀನೇ ಆಗಿರುತ್ತೀಯೆಂದು ಏನು ಖಾತ್ರಿ?

ಮೇನ್ ಸ್ವಿಚ್ಚು ಬಂದ್ ಮಾಡಿ ಕಂದೀಲು ಹಚ್ಚು. ಒಂದು ಅನ್ನಮ್ಮನ ಕೋಣೆಗೆ, ಒಂದು ಬಚ್ಚಲಿಗೆ. ಜನ ನಕ್ಕರೆ ನಗಲಿ. ಆಕೆ ಮೂರು ವರ್ಷದ ಕೂಸಿದ್ದಾಗ ನನ್ನ ಹೆಗಲ ಮೇಲೆ ಕೂತು ಸುರಪುರದ ಪೇಟೆ ತಿರುಗಿದವಳು. ನಿನಗೆ ಕೈಮುಗಿದು ಬರೆಯುತ್ತಿದ್ದೇನೆ, ಬಂದ್ ಮಾಡು.

ಸರದಾರ


ಯಾದಗಿರಿ
೨೧ ಆಗಸ್ಟ್ ೧೯೪೬

ಸರದಾರಣ್ಣನವರಿಗೆ ಭಾಗಮ್ಮ ಮಾಡುವ ಶರಣಾರ್ಥಿ. ನನಗೆ ಅಕ್ಷರ ಬರುವುದಿಲ್ಲ. ನಾನು ಹೇಳುತ್ತೇನೆ, ಅನ್ನಮ್ಮ ಬರೆಯುತ್ತಾಳೆ.

ಭಾನುವಾರ ಸಂಜೆ ದೊಡ್ಡ ಮಳೆ ಬಂತು. ಇವರು ಅಂಗಡಿಯಲ್ಲಿ ಸಿಕ್ಕಿಕೊಂಡರು. ಅನ್ನಮ್ಮನ ಸ್ನಾನಕ್ಕೆಂದು ಬಿಸಿನೀರಿನ ಕೊಡ ಹೊತ್ತು ನಾನು ಮುಂದೆ, ಅವಳು ಎರಡು ಹೆಜ್ಜೆ ಹಿಂದೆ. ಬಚ್ಚಲಿನ ಸರಪಳಿ ಮುಟ್ಟಿದ್ದಷ್ಟೇ ನೆನಪು. ಕಣ್ಣು ಬಿಟ್ಟಾಗ ಗೋಡೆಯ ಬುಡದಲ್ಲಿ ಬಿದ್ದಿದ್ದೆ, ಕೊಡ ಒಂದು ಕಡೆ, ನಾನೊಂದು ಕಡೆ. ಬಲಗೈ ಇನ್ನೂ ಪೂರಾ ಮಡಚಲು ಬರುವುದಿಲ್ಲ. (ಇದನ್ನು ಬರೆಯಬೇಡ ಎಂದಳು ಅವ್ವ. ನಾನು ಬರೆದಿದ್ದೇನೆ. ಅನ್ನಮ್ಮ.)

ಮರಿಲಿಂಗಪ್ಪ ಬಂದು ನೋಡಿ, "ತೇವಾ ಅದರಿ ಅತ್ತಿ, ಎಂಟ್ ದಿನಕ್ಕ ಒಣಗತದ" ಎಂದ. "ಎಂಟ್ ದಿನಾ ಬಸುರಿ ಮೈ ತೊಳಕೋಬಾರದೇನಪಾ?" ಎಂದು ಕೇಳಿ ಕಳಿಸಿದೆ. ಇನ್ನು ಅವನನ್ನು ಹೊಸ್ತಿಲು ತುಳಿಯಗೊಡುವುದಿಲ್ಲ. ಆ ರಾತ್ರಿಯಿಂದ ಮೇನ್ ಸ್ವಿಚ್ಚು ಬಂದ್.

ಮರುದಿನ ಅನ್ನಮ್ಮ ಆ ಪಟ್ಟಿಗಳನ್ನು ನೋಡಬೇಕೆಂದು ಇವರ ಪೆಟ್ಟಿಗೆ ತೆಗೆದಳು. ನಿಮ್ಮ ಕಾಗದಗಳು ಸಿಕ್ಕವು, ದೀಪ ಬಂದ್ ಮಾಡೆಂದು ನೀವು ಬರೆದು ಇವರು ನಮಗೆ ಹೇಳದೆ ಇಟ್ಟದ್ದೂ. ಇವರು ನಿಮಗೆ ಬರೆದದ್ದರ ಕರಡೂ ಅಲ್ಲೇ ಇತ್ತು. ಗಟ್ಟಿಯಾಗಿ ಓದುತ್ತಾ ಹೋದವಳು ನಿಲ್ಲಿಸಿ, "ಅವ್ವಾ, ನೀ ಯಾಕ ಬ್ಯಾಡಂದಿ?" ಎಂದಳು. ಏನನ್ನು ಎಂದೆ.

ಅಣ್ಣಾ, ನಾನು ಬೇಡ ಅಂದಿಲ್ಲ. ಆವತ್ತೂ ಅಂದಿಲ್ಲ, ಈಗಲೂ ಅಂದಿಲ್ಲ. ನನ್ನನ್ನು ಯಾರೂ ಕೇಳಲೇ ಇಲ್ಲ. ನೀವು ಚೀಲ ಹೊತ್ತು ಹೋದ ದಿನ ನಾನು ಒಳಗೆ ನಿಮಗೆಂದೇ ಹೋಳಿಗೆ ಮಾಡುತ್ತಿದ್ದೆ. ನೀವು ಏನೋ ಸಿಟ್ಟು ಮಾಡಿಕೊಂಡು ಹೋದಿರಿ ಎಂದು ಇವರು ಹೇಳಿದರು, ನಾನು ನಂಬಿದೆ. ಈ ಎರಡು ತಿಂಗಳು ನಿಮ್ಮ ಮನೆಯಲ್ಲಿ ನನ್ನ ಹೆಸರು ಯಾವ ಬಾಯಲ್ಲಿ ಬಂದಿರಬೇಕೆಂದು ನೆನೆದರೆ ಮೈ ಉರಿಯುತ್ತದೆ. ಆ ದಿನವೆಲ್ಲ ಇವರೊಡನೆ ಮಾತು ಬಿಟ್ಟಿದ್ದೆ.

ಆದರೆ ನಿಮಗೆ ಒಂದು ಸಂಗತಿ ಗೊತ್ತಿಲ್ಲ. ನೀವು ಕೆಲಸ ಕಲಿಯಲು ಮುಂಬಯಿಗೆ ಹೋದ ಮೇಲೆ ಸುರಪುರದಲ್ಲಿ ಅನ್ನಮ್ಮನ ಬೆನ್ನಿಗೆ ನಮಗೊಂದು ಗಂಡುಮಗು ಆಗಿತ್ತು. ಮೂರು ವರ್ಷ ತುಂಬುವ ಮೊದಲೇ ಜ್ವರದಲ್ಲಿ ಹೋಯಿತು. ಗುಂಡಿಗೆ ಉಪ್ಪು ಹಾಕಬೇಕಾದವರು ಇವರು. ಮುಷ್ಟಿ ತುಂಬಿಕೊಂಡರಂತೆ, ಬಿಚ್ಚಲು ಆಗಲಿಲ್ಲವಂತೆ. ಅಯ್ಯನವರು ಒಂದೊಂದೇ ಬೆರಳು ಬಿಡಿಸಿ ಹಾಕಿಸಿದರಂತೆ. ಮರುವರ್ಷವೇ ಸುರಪುರ ಬಿಟ್ಟು ಇಲ್ಲಿಗೆ ಬಂದೆವು. ಅಂದಿನಿಂದ ಇವರು ಆ ಮಗುವಿನ ಮಾತೆತ್ತಿಲ್ಲ, ನಾನು ಎತ್ತಿದರೆ ಎದ್ದು ಹೋಗುತ್ತಾರೆ. ಇವರು ಕೂಗಾಡಿದ್ದು ನಿಮ್ಮನ್ನು ಕಂಡಲ್ಲ ಅಣ್ಣಾ, ಆ ಉಪ್ಪಿನ ಚೀಲವನ್ನು ಕಂಡು. ಅದನ್ನು ಹೇಳಲು ಬಾಯಿಲ್ಲದೆ ನನ್ನ ಹೆಸರು ಮುಂದೆ ಮಾಡಿದರು.

ಮನ್ಸೂರಅಲಿಯವರಿಗೆ ನಾನೇ ಹೇಳಿಕಳಿಸಿದೆ. ನಿನ್ನೆ ಬಂದರು. ಗುಂಡಿ ತೋಡಿ ತಗಡು ನಿಲ್ಲಿಸಿದರು, ಇದ್ದಿಲು ಹಾಕಿದರು. ಉಪ್ಪಿನ ಚೀಲದ ಬಾಯಿ ಬಿಚ್ಚುವಾಗ ಇವರು ಬಂದು ಅದರ ಮೇಲೆ ಕೈಯಿಟ್ಟು ಕೂತುಬಿಟ್ಟರು. ಆಳುಗಳು ಕಾದು ಕಾದು ಎದ್ದು ಹೋದರು. ಬರುವ ಮಂಗಳವಾರದ ಮೇಲೆ ತಮಗೆ ಬೇರೆ ಕೆಲಸವಿದೆ ಎಂದು ಮನ್ಸೂರಅಲಿಯವರು ಹೇಳಿದ್ದಾರೆ. ಹುಡುಗಿಗೆ ದಿನ ತುಂಬಿವೆ, ಗುಂಡಿ ಬಾಯಿ ತೆರೆದುಕೊಂಡಿದೆ.

"ಅಪ್ಪ ಅಂಗಡಿಗೆ ಹ್ವಾದಾಗ ಹಾಕಿಸಿಬಿಡೂಣ" ಎನ್ನುತ್ತಾಳೆ ಅನ್ನಮ್ಮ. ಹಾಕಿಸಬಹುದು. ಆದರೆ ಹಾಗೆ ಮಾಡಿದರೆ ಇವರು ಮತ್ತೆ ಆ ಹಿತ್ತಲಿಗೆ ಕಾಲಿಡಲಾರರು, ಮೊಮ್ಮಗುವಿನ ನೀರು ಅಲ್ಲೇ ಕಾಯಬೇಕು. ಬೈದು ನೋಡಿದೆ, ಅತ್ತು ನೋಡಿದೆ. ನಿಮ್ಮ ಮಾತು ಕೇಳಿಯಾರು. ಬರ್ರಿ ಅಣ್ಣಾ.

ಭಾಗಮ್ಮ
ಬರೆದವಳು ಅನ್ನಮ್ಮ


ಶಹಾಪುರ
೨೩ ಆಗಸ್ಟ್ ೧೯೪೬

ಲಿಂಗಣ್ಣ,

ವೈನಿಯ ಕಾಗದ ತಲುಪಿತು. ಸರ್ವರಬೇಗಂ ಓದಿಸಿ ಕೇಳಿ ಅತ್ತಳು. ಒಂಬತ್ತು ವರ್ಷ ಸಾಕಿದ ಸಿಟ್ಟು ಒಂದು ಹಗಲಿನಲ್ಲಿ ಹೋಯಿತೆಂದು ಸುಳ್ಳು ಹೇಳಲಾರೆ. ಹೆಂಡತಿಯನ್ನು ಮುಂದೆ ಮಾಡಿದ್ದಕ್ಕೆ ನಿನಗೆ ನಾಲ್ಕು ಮಾತಿವೆ, ಮುಖ ನೋಡಿಯೇ ಆಡುತ್ತೇನೆ. ಆದರೆ ನಿನ್ನ ಮಗ ಹೋಗಿ ಹನ್ನೆರಡು ವರ್ಷವಾದರೂ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ ನಿನ್ನ ಹಿತ್ತಲಿಗೆ ಉಪ್ಪು ಹೊತ್ತು ತಂದೆ. ಅದು ನನ್ನ ಎದೆಯಲ್ಲಿ ಕೂತಿದೆ.

ಸೋಮವಾರದ ಬಸ್ಸಿಗೆ ಬರುತ್ತೇನೆ. ಭೀಮೆ ತುಂಬಿದ್ದರೆ ಹರಿಗೋಲಿನಲ್ಲಾದರೂ ಬರುತ್ತೇನೆ. ನಿನಗೆ ಆಗದಿದ್ದರೆ ಉಪ್ಪು ನಾನು ಹಾಕುತ್ತೇನೆ, ನೀನು ಒಳಗೆ ಇರು.

ಒಂದು ಮಾತನ್ನು ವೈನಿ ಬರೆದಿಲ್ಲ. ಮಗುವಿನ ಹೆಸರೇನು?

ಸರದಾರ


ಯಾದಗಿರಿ
೨೫ ಆಗಸ್ಟ್ ೧೯೪೬

ಸರದಾರ,

ಶಹಾಪುರದ ಬಸ್ಸಿನ ಡ್ರೈವರನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ನೀನು ಎದುರಿಗೆ ಬಂದಾಗ ಬಾಯಿ ಬರದಿದ್ದರೆ ಎಂಬ ಹೆದರಿಕೆ.

ಅವನ ಹೆಸರು ಅಮರಪ್ಪ. ಎರಡು ವರ್ಷ ಎಂಟು ತಿಂಗಳು. ಬರೆಯುವ ಮೊದಲು ಒಂದು ಸಲ ಗಟ್ಟಿಯಾಗಿ ಅಂದೆ. ಪಕ್ಕದಲ್ಲಿ ರೊಟ್ಟಿ ತಟ್ಟುತ್ತಿದ್ದ ಭಾಗಮ್ಮ ಕೈ ನಿಲ್ಲಿಸಿ, "ಇನ್ನೊಮ್ಮಿ ಅನ್ರಿ" ಎಂದಳು. ಅಂದೆ.

ಉಪ್ಪು ನಾನೇ ಹಾಕುತ್ತೇನೆ. ನೀನು ಪಕ್ಕದಲ್ಲಿ ನಿಲ್ಲು.

ಲಿಂಗಣ್ಣ